ಕತ್ತಿ ತಾಗುವ ಮುನ್ನ ಹತ್ತು ನಿಮಿಷ

1804ರ ಅಕ್ಟೋಬರ್ 13. ಜಪಾನಿನ ಕೀ ಪ್ರಾಂತ್ಯದಲ್ಲಿ, ಅಂದರೆ ಈಗಿನ ವಾಕಯಾಮದಲ್ಲಿ, ಅರವತ್ತು ವರ್ಷದ ಕಾನ್ ಆಯಿಯಾ ಎಂಬ ಮಹಿಳೆ ಕಹಿ ಕಷಾಯವೊಂದನ್ನು ಕುಡಿದು ಮಲಗಿದರು. ಎದೆಯಲ್ಲಿ ಕ್ಯಾನ್ಸರ್ ಗಡ್ಡೆ. ಕಷಾಯ ತಯಾರಿಸಿದವನು ಹನಓಕ ಸೇಶು ಎಂಬ ವೈದ್ಯ. ಅದಕ್ಕೆ ಹಾಕಿದ್ದ ಮುಖ್ಯ ಮೂಲಿಕೆ ನಮ್ಮೂರ ಬೇಲಿಸಾಲಿನಲ್ಲೂ ಬೆಳೆಯುವ ಉಮ್ಮತ್ತಿ. ಜೊತೆಗೆ ವತ್ಸನಾಭಿಯ ಕುಲದ ಬೇರು. ಎರಡೂ ವಿಷವೇ. ಆಯಿಯಾ ಎಚ್ಚರ ತಪ್ಪಿದ ಮೇಲೆ ಹನಓಕ ಗಡ್ಡೆಯನ್ನು ಕೊಯ್ದು ತೆಗೆದ. ಆಕೆ ಎದ್ದಾಗ ಕತ್ತಿ ಆಡಿದ ನೆನಪೇ ಇರಲಿಲ್ಲ.

ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಹೊಗೆ ಕುಡಿಸಿ ಜಗತ್ತನ್ನು ಬೆರಗುಗೊಳಿಸಿದ್ದು 1846ರಲ್ಲಿ, ಇದಾಗಿ ನಲವತ್ತೆರಡು ವರ್ಷದ ಮೇಲೆ. ಪೂರ್ಣ ಅರಿವಳಿಕೆಯಲ್ಲಿ ನಡೆದು, ನಂಬಲರ್ಹ ದಾಖಲೆಯೂ ಉಳಿದಿರುವ ಮೊದಲ ಶಸ್ತ್ರಚಿಕಿತ್ಸೆ ಸ್ತನ ಕ್ಯಾನ್ಸರಿನದು ಎಂಬುದು ಅನೇಕ ವೈದ್ಯರಿಗೂ ಹೊಸ ಸುದ್ದಿ. ಹನಓಕ ಮದ್ದಿನ ಪ್ರಮಾಣವನ್ನು ತಾಯಿ ಮತ್ತು ಹೆಂಡತಿಯ ಮೇಲೆ ಪರೀಕ್ಷಿಸಿ ನೋಡಿದ, ಹೆಂಡತಿ ಅದರಿಂದ ಕಣ್ಣು ಕಳೆದುಕೊಂಡಳು ಎಂಬ ಕಥೆ ಜಪಾನಿನಲ್ಲಿ ಮನೆಮಾತು. 1966ರಲ್ಲಿ ಅರಿಯೋಶಿ ಸಾವಾಕೋ ಅದನ್ನೇ ಕಾದಂಬರಿ ಮಾಡಿದರು.

ನೋವನ್ನೇನೋ ಹನಓಕ ಗೆದ್ದ. ಆದರೆ ಆಯಿಯಾ ಐದು ತಿಂಗಳು ತುಂಬುವುದರೊಳಗೆ ತೀರಿಕೊಂಡರು. ಗಡ್ಡೆ ತೆಗೆದ ಮೇಲೂ ಕೆಲವರಲ್ಲಿ ಕ್ಯಾನ್ಸರ್ ಏಕೆ ಮರಳುತ್ತದೆ, ಕೆಲವರಲ್ಲಿ ಏಕಿಲ್ಲ? ಇನ್ನೂರು ವರ್ಷವಾದರೂ ಈ ಪ್ರಶ್ನೆ ಶಸ್ತ್ರವೈದ್ಯರ ಬೆನ್ನು ಬಿಟ್ಟಿಲ್ಲ. ಕಳೆದ ಎರಡು ದಶಕಗಳಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಬಾಲ ಸೇರಿಕೊಂಡಿದೆ: ರೋಗಿಗೆ ಕೊಟ್ಟ ಅರಿವಳಿಕೆ ಯಾವುದು ಎಂಬುದೂ ಇದರಲ್ಲಿ ಲೆಕ್ಕಕ್ಕೆ ಬರುತ್ತದೆಯೇ?

ಮೊದಲ ಕೇಳ್ಮೆಗೆ ಪ್ರಶ್ನೆಯೇ ವಿಚಿತ್ರ. ಕ್ಯಾನ್ಸರ್ ಎಂದರೆ ವರ್ಷಗಟ್ಟಲೆ ಬೆಳೆಯುವ ರೋಗ, ಅರಿವಳಿಕೆ ಎರಡು ಮೂರು ಗಂಟೆಯ ಮಾತು. ಆದರೆ ಆ ಎರಡು ಮೂರು ಗಂಟೆ ದೇಹದ ಮಟ್ಟಿಗೆ ಸಾಮಾನ್ಯ ಹೊತ್ತಲ್ಲ. ಗಡ್ಡೆಯನ್ನು ಹಿಡಿದು, ಸರಿಸಿ, ಬಿಡಿಸುವಾಗ ಅದರ ಕೋಶಗಳು ಒಂದಿಷ್ಟು ರಕ್ತಕ್ಕೆ ಜಾರುತ್ತವೆ. ಅದೇ ಹೊತ್ತಿಗೆ ಗಾಯಗೊಂಡ ದೇಹ ಅಡ್ರಿನಲಿನ್, ಕಾರ್ಟಿಸಾಲ್‌ಗಳನ್ನು ಸುರಿಸುತ್ತಿರುತ್ತದೆ. ಅಡ್ಡಾಡುವ ಕ್ಯಾನ್ಸರ್ ಕೋಶಗಳನ್ನು ಕಂಡಲ್ಲಿ ಕೊಲ್ಲಬೇಕಾದ ‘ನ್ಯಾಚುರಲ್ ಕಿಲ್ಲರ್’ ಎಂಬ ಬಿಳಿ ರಕ್ತಕಣಗಳು ಈ ಗದ್ದಲದಲ್ಲಿ ಮಂಕಾಗುತ್ತವೆ. ಗಾಯ ಮಾಯಲೆಂದು ದೇಹ ಹೊಸ ರಕ್ತನಾಳ ಕಟ್ಟಲು ಕಳಿಸುವ ಸಂದೇಶಗಳನ್ನು ಕ್ಯಾನ್ಸರ್ ಕೋಶವೂ ಬಳಸಿಕೊಳ್ಳಬಲ್ಲದು. ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿ, ಸ್ತನ ಕ್ಯಾನ್ಸರಿನಿಂದ ಸತ್ತ 735 ಮಂದಿಯ ಶವಪರೀಕ್ಷೆಯ ದಾಖಲೆಗಳನ್ನು ಜಾಲಾಡಿ, ಬೀಜ ಎಲ್ಲೆಡೆ ಚೆಲ್ಲಿದರೂ ಒಗ್ಗುವ ಮಣ್ಣಿನಲ್ಲಷ್ಟೇ ಮೊಳೆಯುತ್ತದೆ ಎಂದು ವಾದಿಸಿದ್ದ. ಅವನ ಹೋಲಿಕೆಯನ್ನೇ ಬಳಸಿ ಹೇಳುವುದಾದರೆ, ಶಸ್ತ್ರಚಿಕಿತ್ಸೆ ಬೀಜವನ್ನೂ ಚೆಲ್ಲುತ್ತದೆ, ಮಣ್ಣನ್ನೂ ಸಡಿಲಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. “ಗಡ್ಡೆಗೆ ಕತ್ತಿ ತಾಗಿಸಬೇಡಿ, ಮೈಯೆಲ್ಲ ಹಬ್ಬುತ್ತೆ” ಎಂಬ ಮಾತು ನಮ್ಮ ಹಳ್ಳಿಗಳಲ್ಲೂ ಇದೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಇದೆ. ಬಯಾಪ್ಸಿಯ ಸೂಜಿಗೂ ಹೆದರಿ ನಾಟಿ ಮದ್ದಿನಲ್ಲಿ ಆರು ತಿಂಗಳು ಕಳೆದು, ಗಡ್ಡೆ ಒಡೆದ ಮೇಲೆ ಆಸ್ಪತ್ರೆಗೆ ಬರುವವರಿಗೇನೂ ಕೊರತೆಯಿಲ್ಲ. ಮೇಲಿನ ಪ್ಯಾರಾ ಅವರ ಭಯಕ್ಕೆ ಪುರಾವೆಯಲ್ಲ. ಕತ್ತರಿಸಿ ತೆಗೆಯಬಹುದಾದ ಗಡ್ಡೆಯನ್ನು ತೆಗೆಯದೆ ಬಿಟ್ಟರೆ ಅದು ದಿನವೂ ಕೋಶ ಉದುರಿಸುತ್ತದೆ. ತೆಗೆದರೆ ಗುಣವಾಗುವ ಅವಕಾಶವಿದೆ. ಸಂಶೋಧಕರು ಕೇಳುತ್ತಿರುವುದು ಆಪರೇಷನ್ ಬೇಕೇ ಬೇಡವೇ ಎಂದಲ್ಲ. ಆಪರೇಷನ್ನಿನ ಆ ಕೆಲವು ಗಂಟೆಗಳನ್ನು ರೋಗಿಯ ಪರವಾಗಿ ಇನ್ನಷ್ಟು ವಾಲಿಸಬಹುದೇ ಎಂದು.

ಅರಿವಳಿಕೆಯ ಮೇಲೆ ಕಣ್ಣು ಬಿದ್ದದ್ದು ಇಲಿಗಳಿಂದ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದ ಶಮ್ಗಾರ್ ಬೆನ್-ಎಲಿಯಾಹು ಅವರ ತಂಡ 2001ರಲ್ಲಿ ಇಲಿಗಳ ಹೊಟ್ಟೆ ಕೊಯ್ದು, ರಕ್ತಕ್ಕೆ ಕ್ಯಾನ್ಸರ್ ಕೋಶಗಳನ್ನು ಬಿಟ್ಟು, ಶ್ವಾಸಕೋಶದಲ್ಲಿ ಎಷ್ಟು ಗಂಟುಗಳು ಏಳುತ್ತವೆಂದು ಎಣಿಸಿತು. ಬೆನ್ನಿನ ಅರಿವಳಿಕೆಯನ್ನೂ ಜೊತೆಗೆ ಕೊಟ್ಟ ಇಲಿಗಳಲ್ಲಿ ಗಂಟುಗಳು ಕಡಿಮೆ. ಮುಂದಿನ ಪ್ರಯೋಗಗಳಲ್ಲಿ ಅರಿವಳಿಕೆಯ ಮದ್ದುಗಳಾದ ಹ್ಯಾಲೋಥೇನ್, ಕೆಟಮಿನ್, ಥಯೋಪೆಂಟಾಲ್‌ಗಳು ಕಿಲ್ಲರ್ ಕಣಗಳನ್ನು ಕುಗ್ಗಿಸಿದವು; ಪ್ರೊಪೊಫಾಲ್ ಕುಗ್ಗಿಸಲಿಲ್ಲ. ಮಾರ್ಫಿನ್ ಮೇಲೂ ಅನುಮಾನ ಬಂತು. ಅದು ಇಲಿಗಳ ಸ್ತನದ ಗಡ್ಡೆಗೆ ಹೊಸ ರಕ್ತನಾಳ ಬೆಳೆಸಿಕೊಡುತ್ತದೆ ಎಂದು ಅಮೆರಿಕದ ಮಿನ್ನೆಸೋಟದ ಒಂದು ತಂಡ 2002ರಲ್ಲಿ ಬರೆದಿತ್ತು.

ಹೀಗೆ ಒಂದು ಅಂದವಾದ ಸಿದ್ಧಾಂತ ತಯಾರಾಯಿತು. ಉಸಿರಿನ ಜೊತೆ ಎಳೆದುಕೊಳ್ಳುವ ಸೆವೊಫ್ಲುರೇನ್‌ನಂಥ ಅನಿಲ, ಜೊತೆಗೆ ಮಾರ್ಫಿನ್: ಇದು ಕೆಟ್ಟ ಜೋಡಿ. ನರದ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್, ಜೊತೆಗೆ ರಕ್ತನಾಳದ ಮೂಲಕ ಪ್ರೊಪೊಫಾಲ್: ಇದು ಒಳ್ಳೆಯ ಜೋಡಿ. ಮನುಷ್ಯರಲ್ಲೂ ಹೀಗೇ ಇದೆಯೇ ಎಂದು ನೋಡುವುದಷ್ಟೇ ಬಾಕಿ.

ನೋಡಿದ್ದು ಡಬ್ಲಿನ್ನಿನ ಮೇಟರ್ ಆಸ್ಪತ್ರೆಯಲ್ಲಿ. ಡೋನಲ್ ಬಗ್ಗಿ ಮತ್ತವರ ಜೊತೆಗಾರರು, ಸ್ತನ ತೆಗೆದು ಕಂಕುಳಿನ ಗ್ರಂಥಿಗಳನ್ನೂ ತೆಗೆದ 129 ಮಹಿಳೆಯರ ಹಳೆಯ ಕಡತಗಳನ್ನು ಬಿಚ್ಚಿದರು. ಬೆನ್ನುಹುರಿಯ ಪಕ್ಕದ ನರಗಳನ್ನೂ ಮರಗಟ್ಟಿಸಿದ್ದ 50 ಮಂದಿಯಲ್ಲಿ ಮೂರು ವರ್ಷದ ಮೇಲೂ ರೋಗ ಮರಳದವರು ಶೇ 94. ಪೂರ್ಣ ಅರಿವಳಿಕೆ ಮತ್ತು ಮಾರ್ಫಿನ್ ಪಡೆದ 79 ಮಂದಿಯಲ್ಲಿ ಶೇ 77. ವರದಿ ಪ್ರಕಟವಾದದ್ದು 2006ರಲ್ಲಿ. ಹದಿನೇಳು ಶೇಕಡಾ ಅಂಕಗಳ ಅಂತರ! ಕೋಟ್ಯಂತರ ಡಾಲರಿನ ಹೊಸ ಔಷಧಗಳಿಗೂ ಇಂಥ ಅಂತರ ಸಿಗುವುದು ಅಪರೂಪ. ಎರಡು ವರ್ಷಕ್ಕೆ ಪ್ರಾಸ್ಟೇಟ್ ಕ್ಯಾನ್ಸರಿನ 225 ಮಂದಿಯ ಕಡತಗಳಿಂದಲೂ ಇದೇ ದನಿ ಹೊರಟಿತು. ಎಪಿಡ್ಯೂರಲ್ ಎಂಬ ಬೆನ್ನಿನ ಇಂಜೆಕ್ಷನ್ ಪಡೆದವರಲ್ಲಿ ರೋಗ ಮರಳುವ ಸೂಚನೆ ಅರ್ಧಕ್ಕಿಂತ ಕಡಿಮೆ.

2016ರಲ್ಲಿ ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಕ್ಯಾನ್ಸರ್ ಆಸ್ಪತ್ರೆ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ಕೊಟ್ಟಿತು. ಅನಿಲ ಪಡೆದವರು ಸಾಯುವ ಸಂಭವ, ಪ್ರೊಪೊಫಾಲ್ ಪಡೆದವರಿಗಿಂತ ಸುಮಾರು ಒಂದೂವರೆ ಪಟ್ಟು. ವಯಸ್ಸು, ರೋಗದ ಹಂತ ಮುಂತಾದವನ್ನು ಲೆಕ್ಕದಿಂದ ಕಳೆದ ಮೇಲೂ ಅಷ್ಟಿತ್ತು. ಆ ಹೊತ್ತಿಗೆ ಎಷ್ಟೋ ಅರಿವಳಿಕೆ ತಜ್ಞರು ಕ್ಯಾನ್ಸರ್ ರೋಗಿಗಳಿಗೆ ಪ್ರೊಪೊಫಾಲನ್ನೇ ಕೊಡಲು ಶುರುಮಾಡಿಬಿಟ್ಟಿದ್ದರು. ಅವರನ್ನು ದೂರುವುದು ಹೇಗೆ? ಸಿದ್ಧಾಂತ ಇತ್ತು, ಇಲಿ ಇತ್ತು, ಏಳು ಸಾವಿರ ಕಡತ ಇತ್ತು.

ಇಲ್ಲದೇ ಇದ್ದದ್ದು ಚೀಟಿ ಎತ್ತಿದ ಪ್ರಯೋಗ.

ಹಳೆಯ ಕಡತಗಳ ತೊಂದರೆ ಇದು: ಯಾರಿಗೆ ಯಾವ ಅರಿವಳಿಕೆ ಎಂಬುದನ್ನು ಅಲ್ಲಿ ವೈದ್ಯರೇ ತೀರ್ಮಾನಿಸಿರುತ್ತಾರೆ, ಆ ತೀರ್ಮಾನಕ್ಕೆ ಕಾರಣವೂ ಇರುತ್ತದೆ. ಕುಸಿದ ರೋಗಿ, ದೀರ್ಘ ಆಪರೇಷನ್, ಅವಸರದ ಕೇಸು, ಹಳೇ ಪದ್ಧತಿಗೆ ಅಂಟಿಕೊಂಡ ಹಿರಿಯ ವೈದ್ಯ, ಎಲ್ಲವೂ ಆಯ್ಕೆಯನ್ನು ಒಂದು ಕಡೆಗೆ ಎಳೆಯುತ್ತವೆ. ಕಡತದಲ್ಲಿ ಬರೆದಿಟ್ಟ ವ್ಯತ್ಯಾಸಗಳನ್ನು ಗಣಿತದಿಂದ ತೊಡೆಯಬಹುದು, ಬರೆಯದೇ ಬಿಟ್ಟದ್ದನ್ನು ತೊಡೆಯಲಾಗದು. ಅನಸ್ತೇಶಿಯಾ ಡಾಕ್ಟರು ರೋಗಿಯ ಮುಖ ನೋಡಿಯೇ ಅಂದಾಜಿಸುವ ಎಷ್ಟೋ ಸಂಗತಿಗಳಿಗೆ ಫಾರ್ಮಿನಲ್ಲಿ ಕಾಲಂ ಇರುವುದಿಲ್ಲ.

ಮೆಚ್ಚಬೇಕಾದ್ದೆಂದರೆ, ಡಬ್ಲಿನ್ನಿನ ಆ ಹೆಸರಾಂತ ವರದಿ ಬರೆದವರೇ ಅದನ್ನು ಒರೆಗೆ ಹಚ್ಚಲು ಹೊರಟರು. ಬಗ್ಗಿ ಮತ್ತು ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನ ಡೇನಿಯಲ್ ಸೆಸ್ಲರ್ 2007ರ ಜನವರಿಯಲ್ಲಿ ಪ್ರಯೋಗ ಆರಂಭಿಸಿದರು. ಅರ್ಜೆಂಟೀನಾ, ಆಸ್ಟ್ರಿಯಾ, ಚೀನಾ, ಜರ್ಮನಿ, ಐರ್ಲೆಂಡ್, ನ್ಯೂಜಿಲೆಂಡ್, ಸಿಂಗಪುರ, ಅಮೆರಿಕ: ಎಂಟು ದೇಶಗಳ 13 ಆಸ್ಪತ್ರೆಗಳು. ಸ್ತನ ಕ್ಯಾನ್ಸರಿನ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರು. ಯಾರಿಗೆ ಯಾವುದು ಎಂದು ಕಂಪ್ಯೂಟರ್ ಚೀಟಿ ಎತ್ತಿತು. ಒಂದು ಗುಂಪಿಗೆ ನರದ ಇಂಜೆಕ್ಷನ್ ಮತ್ತು ಪ್ರೊಪೊಫಾಲ್, ಇನ್ನೊಂದಕ್ಕೆ ಸೆವೊಫ್ಲುರೇನ್ ಮತ್ತು ಮಾರ್ಫಿನ್ ಜಾತಿಯ ನೋವುನಿವಾರಕ. ರೋಗಿಗಳನ್ನು ಸೇರಿಸಿಕೊಳ್ಳುವುದಕ್ಕೇ ಹನ್ನೊಂದು ವರ್ಷ ಹಿಡಿಯಿತು.

2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಫಲಿತಾಂಶ ಪ್ರಕಟಿಸಿತು. ಮೊದಲ ಗುಂಪಿನ 1,043 ಮಂದಿಯಲ್ಲಿ ರೋಗ ಮರಳಿದ್ದು 102 ಮಂದಿಗೆ. ಎರಡನೆಯ ಗುಂಪಿನ 1,065ರಲ್ಲಿ 111 ಮಂದಿಗೆ. ಎರಡೂ ಕಡೆ ಶೇ 10. ಇನ್ನು ಎಷ್ಟು ಮುಂದುವರಿಸಿದರೂ ಅಂತರ ಕಾಣುವ ಸಂಭವವಿಲ್ಲ ಎಂದು, ಮೊದಲೇ ಗೊತ್ತುಮಾಡಿಕೊಂಡ ಲೆಕ್ಕದ ಪ್ರಕಾರ, ಪ್ರಯೋಗವನ್ನು 2018ರಲ್ಲೇ ನಿಲ್ಲಿಸಿದ್ದರು. ಆಪರೇಷನ್ ಆಗಿ ಆರು ತಿಂಗಳ ಮೇಲೂ ಗಾಯದಲ್ಲಿ ನೋವು ಉಳಿದವರ ಪ್ರಮಾಣವೂ ಎರಡು ಗುಂಪಿನಲ್ಲಿ ಒಂದೇ, ಶೇ 52. ನರದ ಇಂಜೆಕ್ಷನ್ ಕನಿಷ್ಠ ದೀರ್ಘಕಾಲದ ನೋವನ್ನಾದರೂ ತಡೆಯುತ್ತದೆ ಎಂಬ ಇನ್ನೊಂದು ನಂಬಿಕೆಯೂ ಅದೇ ಕಾಗದದಲ್ಲಿ ಮಣ್ಣುಪಾಲಾಯಿತು.

ಆಮೇಲಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಚೀನಾದಲ್ಲಿ ದೊಡ್ಡ ಆಪರೇಷನ್ ಆದ 1,700ಕ್ಕೂ ಹೆಚ್ಚು ವೃದ್ಧರಲ್ಲಿ ಎಪಿಡ್ಯೂರಲ್ ಸೇರಿಸಿದ್ದರಿಂದ ಆಯುಸ್ಸು ಹೆಚ್ಚಲಿಲ್ಲ. ಶ್ವಾಸಕೋಶದ ಕ್ಯಾನ್ಸರಿನ 400 ಮಂದಿಯಲ್ಲೂ ಅಷ್ಟೇ. ಪ್ರೊಪೊಫಾಲನ್ನು ಸೆವೊಫ್ಲುರೇನ್ ಎದುರಿಗಿಟ್ಟ ಚೀನಾದ ಇನ್ನೊಂದು ಪ್ರಯೋಗ, ವಯಸ್ಸಾದ ಸುಮಾರು 1,200 ಕ್ಯಾನ್ಸರ್ ರೋಗಿಗಳದು. ಒಂದು ಗುಂಪಿನಲ್ಲಿ 206 ಸಾವು, ಇನ್ನೊಂದರಲ್ಲಿ 208. ಸ್ವೀಡನ್ನಿನ ಮ್ಯಾಟ್ಸ್ ಎನ್‌ಲುಂಡ್ ನೇತೃತ್ವದ ‘ಕ್ಯಾನ್’ ಅಧ್ಯಯನ ಸ್ತನ ಕ್ಯಾನ್ಸರಿನ ಸುಮಾರು 1,700 ಮಹಿಳೆಯರನ್ನು ಐದು ವರ್ಷ ಹಿಂಬಾಲಿಸಿತು. ಬದುಕುಳಿದವರು ಪ್ರೊಪೊಫಾಲ್, ಸೆವೊಫ್ಲುರೇನ್ ಎರಡು ಕಡೆಯೂ ಶೇ 92ರ ಆಸುಪಾಸು.

ಇಷ್ಟಾದ ಮೇಲೂ ಸಿದ್ಧಾಂತಕ್ಕೆ ಅಂಟಿಕೊಂಡವರಿದ್ದಾರೆ. ಸ್ತನದ ಆಪರೇಷನ್ ಸಣ್ಣದು, ದೇಹಕ್ಕೆ ಅಷ್ಟು ಆಘಾತವಿಲ್ಲ, ಅದಕ್ಕೇ ಅಂತರ ಕಾಣಲಿಲ್ಲ ಎನ್ನುತ್ತಾರೆ. ಹೊಟ್ಟೆ, ಎದೆಗೂಡಿನ ದೊಡ್ಡ ಆಪರೇಷನ್‌ಗಳೂ ಬರಿಗೈಯಲ್ಲಿ ಬಂದಿರುವಾಗ ಈ ವಾದಕ್ಕೆ ಕಸುವು ಸಾಲದು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯದಂತೆ ಮಾಡಿದ್ದು ಮುಂಬೈ.

ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಯ ಶಸ್ತ್ರವೈದ್ಯ ರಾಜೇಂದ್ರ ಬಡ್ವೆ ಅವರಿಗೆ ಆಪರೇಷನ್ನಿನ ಗಳಿಗೆಯ ಮೇಲೆ ಹಳೆಯ ಗುಮಾನಿ. ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿದ್ದಾಗ 249 ಮಹಿಳೆಯರ ಕಡತ ನೋಡಿ, ಮುಟ್ಟಿನ ಚಕ್ರದ ಯಾವ ಘಟ್ಟದಲ್ಲಿ ಆಪರೇಷನ್ ಆಯಿತು ಎಂಬುದರ ಮೇಲೆ ಸ್ತನ ಕ್ಯಾನ್ಸರ್ ರೋಗಿಗಳ ಆಯುಸ್ಸು ನಿಂತಿದೆ ಎಂದು 1991ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬರೆದರು. ಹತ್ತು ವರ್ಷ ಬದುಕಿದವರು ಒಂದು ಘಟ್ಟದಲ್ಲಿ ಶೇ 54, ಇನ್ನೊಂದರಲ್ಲಿ ಶೇ 84. ಅದೂ ಕಡತದ ಲೆಕ್ಕವೇ. ರೋಗಿಗಳನ್ನು ಮುಂದಿಟ್ಟುಕೊಂಡು ನಡೆಸಿದ ನಂತರದ ಅಧ್ಯಯನಗಳಲ್ಲಿ ನಿಲ್ಲಲಿಲ್ಲ. ಬಡ್ವೆ ಬಿಡಲಿಲ್ಲ. ಆಪರೇಷನ್ನಿಗೆ ಮುಂಚೆ ಪ್ರೊಜೆಸ್ಟರಾನ್ ಜಾತಿಯ ಹಾರ್ಮೋನಿನ ಒಂದೇ ಇಂಜೆಕ್ಷನ್ ಕೊಟ್ಟು ಸಾವಿರ ಮಹಿಳೆಯರಲ್ಲಿ ಚೀಟಿ ಎತ್ತಿ ಪರೀಕ್ಷಿಸಿದರು. 2011ರಲ್ಲಿ ಬಂದ ಉತ್ತರ ಅರೆಬರೆ: ಒಟ್ಟು ಗುಂಪಿನಲ್ಲಿ ಲಾಭವಿಲ್ಲ, ಕಂಕುಳಿನ ಗ್ರಂಥಿಗೆ ರೋಗ ಹಬ್ಬಿದ್ದವರಲ್ಲಿ ಇದ್ದಂತಿದೆ. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕೈಬಿಡುತ್ತಿದ್ದರು.

ಅದೇ ವರ್ಷದ ಕೊನೆಗೆ ಅವರ ತಂಡ ಹೊಸ ಪ್ರಯೋಗಕ್ಕೆ ಕೈಹಾಕಿತು. ಈ ಸಲದ ಮದ್ದು ಲಿಗ್ನೋಕೇನ್. ಹಲ್ಲು ಕೀಳಿಸಿಕೊಂಡವರಿಗೆಲ್ಲ ಪರಿಚಯ ಇರುವ, ದವಡೆ ಜೋಮು ಹಿಡಿಸುವ ಅದೇ ಇಂಜೆಕ್ಷನ್. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ತಯಾರಿಸಿದ್ದು. ಪೇಟೆಂಟ್ ಯಾವತ್ತೋ ಮುಗಿದಿದೆ. ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ.

ಮಾಡಿದ್ದು ಇಷ್ಟೇ. ರೋಗಿಗೆ ಎಂದಿನಂತೆ ಪೂರ್ಣ ಅರಿವಳಿಕೆ ಕೊಟ್ಟ ಮೇಲೆ, ಶೇ 0.5ರ ತೆಳು ಲಿಗ್ನೋಕೇನನ್ನು ಗಡ್ಡೆಯ ಮೇಲೆ, ಕೆಳಗೆ, ನಾಲ್ಕೂ ಪಕ್ಕಕ್ಕೆ ಶಸ್ತ್ರವೈದ್ಯರೇ ಚುಚ್ಚಿದರು. ಆಮೇಲೆ ಏಳರಿಂದ ಹತ್ತು ನಿಮಿಷ ಕಾದರು. ಆಮೇಲೆ ಕತ್ತಿ. ಇನ್ನೊಂದು ಗುಂಪಿಗೆ ಇಂಜೆಕ್ಷನ್ ಇಲ್ಲದೆ ನೇರ ಆಪರೇಷನ್. ರೋಗಿ ಹೇಗೂ ಎಚ್ಚರ ತಪ್ಪಿರುತ್ತಾರೆ, ನೋವಿಗಾಗಿ ಈ ಇಂಜೆಕ್ಷನ್ ಬೇಕಿಲ್ಲ. ಮರಗಟ್ಟಿಸಬೇಕಾಗಿದ್ದದ್ದು ರೋಗಿಯನ್ನಲ್ಲ, ಗಡ್ಡೆಯನ್ನು!

2011ರ ಡಿಸೆಂಬರಿನಿಂದ 2022ರ ಜನವರಿವರೆಗೆ ದೇಶದ 11 ಕೇಂದ್ರಗಳಲ್ಲಿ 1,600 ಮಹಿಳೆಯರು ಭಾಗವಹಿಸಿದರು. ಎಲ್ಲರದೂ ಆರಂಭದ ಹಂತದ ಕ್ಯಾನ್ಸರ್, ಯಾರಿಗೂ ಮುಂಚೆ ಕಿಮೊ ಆಗಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಯುರೋಪಿಯನ್ ಕ್ಯಾನ್ಸರ್ ಸಮ್ಮೇಳನದಲ್ಲಿ ಫಲಿತಾಂಶ ಮಂಡನೆಯಾಯಿತು, ಮರುವರ್ಷ ‘ಜರ್ನಲ್ ಆಫ್ ಕ್ಲಿನಿಕಲ್ ಆಂಕಾಲಜಿ’ಯಲ್ಲಿ ಪ್ರಕಟವಾಯಿತು. ಐದು ವರ್ಷ ರೋಗ ಮರಳದೆ ಇದ್ದವರು ಇಂಜೆಕ್ಷನ್ ಗುಂಪಿನಲ್ಲಿ ಶೇ 86.6, ಇಲ್ಲದ ಗುಂಪಿನಲ್ಲಿ ಶೇ 82.6. ಬದುಕಿದ್ದವರು ಶೇ 90.1 ಮತ್ತು ಶೇ 86.4. ಅಂದರೆ ನೂರು ಮಂದಿಗೆ ಈ ಇಂಜೆಕ್ಷನ್ ಕೊಟ್ಟರೆ ಐದು ವರ್ಷದಲ್ಲಿ ಸುಮಾರು ನಾಲ್ಕು ಜೀವ. ಖರ್ಚು ಒಬ್ಬರಿಗೆ ನೂರು ರೂಪಾಯಿಗೂ ಕಡಿಮೆ ಎಂದು ಆಸ್ಪತ್ರೆ ಹೇಳಿತು. 2022ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂದಿದೆ. ಅವರಲ್ಲಿ ಎಲ್ಲರೂ ಈ ಇಂಜೆಕ್ಷನ್ನಿಗೆ ತಕ್ಕ ಹಂತದಲ್ಲಿ ಆಸ್ಪತ್ರೆಗೆ ಬಂದಿರುವುದಿಲ್ಲ, ನಿಜ. ಬಂದವರಷ್ಟನ್ನೇ ಎಣಿಸಿದರೂ ನಾಲ್ಕು ಪ್ರತಿಶತ ಸಣ್ಣ ಸಂಖ್ಯೆಯಾಗದು.

ಹೇಗೆ? ಲಿಗ್ನೋಕೇನ್ ಕೆಲಸ ಮಾಡುವುದು ನರಕೋಶದ ಹೊದಿಕೆಯಲ್ಲಿರುವ ಸೋಡಿಯಂ ಬಾಗಿಲುಗಳನ್ನು ಮುಚ್ಚಿ. ಸೋಡಿಯಂ ಒಳನುಗ್ಗದೆ ನೋವಿನ ಸಂದೇಶ ಹೊರಡುವುದಿಲ್ಲ. ಅಂಥವೇ ಬಾಗಿಲುಗಳು ಆಕ್ರಮಣಕಾರಿ ಸ್ತನ ಕ್ಯಾನ್ಸರಿನ ಕೋಶಗಳಲ್ಲೂ ಇವೆ, ಅವು ತೆರೆದಿದ್ದಾಗ ಕೋಶ ಸುತ್ತಲಿನ ಅಂಗಾಂಶವನ್ನು ಕರಗಿಸಿಕೊಂಡು ಮುಂದೆ ನುಗ್ಗುತ್ತದೆ ಎಂಬುದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಮುಸ್ತಫಾ ಜಮ್ಗೋಜ್ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಕತ್ತಿ ತಾಗುವ ಹೊತ್ತಿಗೆ ಬಾಗಿಲು ಮುಚ್ಚಿದ್ದರೆ ಕೋಶ ಹೊರಟರೂ ದೂರ ಹೋಗಿ ನೆಲೆಯೂರುವ ತಾಕತ್ತು ಕಡಿಮೆಯಾದೀತು. ಇದು ವಿವರಣೆಯಷ್ಟೇ, ಟಾಟಾ ಪ್ರಯೋಗ ಅದನ್ನು ನೇರವಾಗಿ ಅಳೆಯಲಿಲ್ಲ. ಅಂದವಾದ ಸಿದ್ಧಾಂತಕ್ಕೆ ಒಮ್ಮೆ ಮರುಳಾಗಿ ಕೈಸುಟ್ಟುಕೊಂಡ ಕ್ಷೇತ್ರ ಇದು ಎಂಬುದನ್ನೂ ನೆನಪಿಡಬೇಕು.

ಆದರೂ ಹಳೆಯ ಪ್ರಯೋಗಗಳು ಸೋತಲ್ಲಿ ಇದು ಗೆದ್ದದ್ದರಲ್ಲಿ ಒಂದು ತರ್ಕವಿದೆ. ಡಬ್ಲಿನ್ನಿನವರು ಇಡೀ ದೇಹದ ಒತ್ತಡವನ್ನು ಇಳಿಸಲು ಹೊರಟಿದ್ದರು. ಟಾಟಾದವರು ಮದ್ದನ್ನು ಗಡ್ಡೆಯ ಅಂಚಿಗೇ, ಅದೂ ಕತ್ತಿ ಮುಟ್ಟುವ ಮುಂಚಿನ ಹತ್ತು ನಿಮಿಷಕ್ಕೆ ತಲುಪಿಸಿದರು. ರಕ್ತನಾಳದ ಮೂಲಕ ಲಿಗ್ನೋಕೇನ್ ಹರಿಸಿದರೆ ಅಲ್ಲಿಗೆ ತಲುಪುವುದು ಬಹಳ ತೆಳ್ಳಗೆ. ಚೀನಾದಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ 563 ಮಂದಿಗೆ ಹಾಗೆ ಹರಿಸಿ ನೋಡಿದರು, ಆಯುಸ್ಸಿನಲ್ಲಿ ವ್ಯತ್ಯಾಸವಾಗಲಿಲ್ಲ.

ಟೀಕೆಗಳೂ ಬಂದವು, ಬರಬೇಕಾದ್ದೇ. ಎರಡನೆಯ ಗುಂಪಿಗೆ ಬರೀ ಉಪ್ಪುನೀರಿನ ಇಂಜೆಕ್ಷನ್ನನ್ನಾದರೂ ಕೊಡಬೇಕಿತ್ತು. ಕೊಡದೇ ಇದ್ದುದರಿಂದ ಯಾರು ಯಾವ ಗುಂಪು ಎಂಬುದು ಶಸ್ತ್ರವೈದ್ಯರಿಗೆ ಗೊತ್ತಿತ್ತು. ಲಾಭ ಲಿಗ್ನೋಕೇನಿನದೋ, ಗಡ್ಡೆಯ ಸುತ್ತ ದ್ರವ ತುಂಬಿ ಅಂಗಾಂಶ ಸಡಿಲವಾದದ್ದರದೋ ಹೇಳುವುದು ಹೇಗೆ? ಇನ್ನೊಂದು ಮಾತೂ ಇದೆ. ಒಂದೇ ದೇಶದ ಒಂದೇ ಪ್ರಯೋಗ, ಎಷ್ಟೇ ದೊಡ್ಡದಿರಲಿ, ಇನ್ನೊಬ್ಬರು ಮಾಡಿ ತೋರಿಸುವವರೆಗೆ ಒಂದೇ ಪ್ರಯೋಗ. ಬಡ್ವೆ ಅವರ 1991ರ ಕಾಗದವೇ ಇದಕ್ಕೆ ಸಾಕ್ಷಿ.

ಮತ್ತೆ ಮಾಡುವವರು ಯಾರು? ನಾಲ್ಕು ಪ್ರತಿಶತ ಲಾಭ ಕೊಡುವ ಹೊಸ ಮಾತ್ರೆಯಾಗಿದ್ದರೆ ಮೂರು ಖಂಡಗಳಲ್ಲಿ ಪ್ರಯೋಗ ನಡೆಸಲು ಕಂಪನಿಗಳು ಸಾಲುಗಟ್ಟುತ್ತಿದ್ದವು. ಪೇಟೆಂಟಿಲ್ಲದ ಲಿಗ್ನೋಕೇನಿನ ಮೇಲೆ ಯಾವ ಕಂಪನಿಯೂ ಹಣ ಸುರಿಯುವುದಿಲ್ಲ. ಟಾಟಾ ಸ್ಮಾರಕ ಕೇಂದ್ರ ಇರುವುದು ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಅಡಿಯಲ್ಲಿ. ಲಾಭದ ಲೆಕ್ಕ ಕೇಳದ ಇಂಥ ಸಂಸ್ಥೆಯಿಂದಲೇ ಈ ಪ್ರಯೋಗ ಬಂದದ್ದು ಆಕಸ್ಮಿಕವಲ್ಲ.

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿಗೆ ಬರುವ ಅನಸ್ತೇಶಿಯಾ ಡಾಕ್ಟರನ್ನು ಮನೆಯವರು ಕೇಳುವ ಪ್ರಶ್ನೆ ಬೇರೆ: “ಪೂರ್ತಿ ಮಂಪರು ಕೊಡ್ತೀರಾ ಸರ್, ಬೆನ್ನಿಗೆ ಕೊಡ್ತೀರಾ?” ಆ ಆಯ್ಕೆಯಿಂದ ಕ್ಯಾನ್ಸರ್ ಮರಳುವುದೂ ಬಿಡುವುದೂ ತೀರ್ಮಾನವಾಗುವುದಿಲ್ಲ ಎಂದು ಈಗ ಧೈರ್ಯವಾಗಿ ಹೇಳಬಹುದು. ರೋಗಿಯ ಹೃದಯ, ಶ್ವಾಸಕೋಶ ಹೇಗಿದೆ, ಹಿಂದಿನ ಆಪರೇಷನ್ನಿನಲ್ಲಿ ವಾಂತಿಯಾಗಿತ್ತೇ, ಮೊದಲ ದಿನದ ನೋವಿಗೆ ಯಾವುದು ಅನುಕೂಲ ಎಂಬುದರ ಮೇಲೆ ವೈದ್ಯರು ಆರಿಸಲಿ. ಪ್ರೊಪೊಫಾಲಿನಲ್ಲಿ ವಾಂತಿ ಕಡಿಮೆ, ಅದೇ ಅದರ ಪರವಾಗಿ ಸಾಕಷ್ಟು ಒಳ್ಳೆಯ ಕಾರಣ. ಸ್ತನದ ಗಡ್ಡೆ ತೆಗೆಸಿಕೊಳ್ಳುವವರು ಶಸ್ತ್ರವೈದ್ಯರನ್ನು ಟಾಟಾ ಇಂಜೆಕ್ಷನ್ನಿನ ಬಗ್ಗೆ ಕೇಳಬಹುದು. ಕೇಳಿದ್ದಕ್ಕೆ ಯಾರೂ ಬೇಸರಿಸಬೇಕಿಲ್ಲ.

ಆಸ್ಟ್ರೇಲಿಯಾದ ನೇತೃತ್ವದಲ್ಲಿ ‘ವೇಪರ್-ಸಿ’ ಎಂಬ ಪ್ರಯೋಗ 5,700ಕ್ಕೂ ಹೆಚ್ಚು ಕರುಳು ಮತ್ತು ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನು ಗುರಿಯಾಗಿಟ್ಟುಕೊಂಡಿದೆ. ಅನಿಲವೋ ಪ್ರೊಪೊಫಾಲೋ, ಲಿಗ್ನೋಕೇನ್ ಹರಿಸಬೇಕೋ ಬೇಡವೋ ಎಂಬ ನಾಲ್ಕೂ ಜೋಡಿಗಳನ್ನು ಹೋಲಿಸುತ್ತದೆ. ಅದರಲ್ಲೂ ಗಡ್ಡೆಯ ಸುತ್ತ ಚುಚ್ಚುವ ಮಾತಿಲ್ಲ. ಕರುಳು, ಶ್ವಾಸಕೋಶದ ಗಡ್ಡೆ ಹೊರಗಿನಿಂದ ಸೂಜಿಗೆ ಸುಲಭವಾಗಿ ಸಿಗುವಂಥದ್ದಲ್ಲ. ಸಿಗುವಂಥದ್ದು ಕೆನ್ನೆಯ ಒಳಗಿನದು, ನಾಲಿಗೆಯದು. ಎಲೆಯಡಿಕೆಗೆ ತಂಬಾಕು ಸೇರಿಸಿ ಅಗಿಯುವ, ಗುಟ್ಕಾ ಚೀಟಿ ಹರಿಯುವ ಈ ದೇಶದಲ್ಲಿ 2022ರಲ್ಲಿ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಹೊಸದಾಗಿ ಬಂದವರು ಸುಮಾರು 1.43 ಲಕ್ಷ. ಅಲ್ಲೂ ಹತ್ತು ನಿಮಿಷ ಕಾದರೆ ಫಲವಿದೆಯೇ ಎಂದು, ಈ ಸಲ ಉಪ್ಪುನೀರಿನ ಇಂಜೆಕ್ಷನ್ನನ್ನೂ ಎದುರಿಗಿಟ್ಟು ನೋಡುವುದಕ್ಕೆ ಭಾರತಕ್ಕಿಂತ ತಕ್ಕ ಜಾಗ ಬೇರೆ ಸಿಗಲಿಕ್ಕಿಲ್ಲ.